ಇದು ರಸೀದಿಯಲ್ಲ

ಮೇಲ್ ಸರ್ವರ್ ತಾನಾಗಿಯೇ ಯಾರ ಪತ್ರವನ್ನೂ ಹೊರಗೆ ತಳ್ಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ "ಸಿಸ್ಟಮ್ ತಗೊಳ್ಳಲಿಲ್ಲ" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರೋ ಒಬ್ಬರು ಎಲ್ಲೋ ಕೂತು, ಇಂಥವರದ್ದು ಬರಲಿ, ಇಂಥವರದ್ದು ಬೇಡ ಎಂದು ಬರೆದಿಟ್ಟಿರುತ್ತಾರೆ. ಸರ್ವರ್ ಅದನ್ನು ಓದಿಕೊಂಡು ಹೇಳಿದಷ್ಟು ಮಾಡುತ್ತದೆ. ನಮ್ಮ ಟ್ರಸ್ಟಿನಲ್ಲಿ ಹಾಗೆ ಬರೆಯುವವಳು ನಾನು.

ಟ್ರಸ್ಟ್ ಎಂದರೆ ದೊಡ್ಡದೇನಲ್ಲ. ಕೊಪ್ಪದಲ್ಲಿ ಒಂದು ನರ್ಸಿಂಗ್ ಶಾಲೆ, ಶೃಂಗೇರಿಯಲ್ಲಿ ಒಂದು ಸಣ್ಣ ಆಸ್ಪತ್ರೆ, ನರಸಿಂಹರಾಜಪುರದಲ್ಲಿ ಆಡಳಿತ ಸಮಿತಿಯ ಕಚೇರಿ. ಮೂರಕ್ಕೂ ಸೇರಿ ಒಂದೇ ಸರ್ವರ್, ಕೊಪ್ಪದ ಶಾಲೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದೆ. ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದವಳು. ಶಿವಮೊಗ್ಗದಿಂದ ಬಂದು ಸರ್ವರ್ ಕೂರಿಸಿದವರು ಮೂರು ದಿನ ಇದ್ದು, ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಮೇಡಂ, ಇದು ಎಂತದೂ ಕೇಳೂದಿಲ್ಲ, ಸುಮ್ನೆ ಓಡ್ತಾ ಇರ್ತದೆ" ಎಂದು ಹೇಳಿ ಬಸ್ ಹತ್ತಿದರು. ಅದು ಕೇಳದೇ ಇದ್ದದ್ದು ಯಾವುದು ಎಂದು ಆಮೇಲಿನ ಹತ್ತು ವರ್ಷದಲ್ಲಿ ನನಗೆ ಗೊತ್ತಾಯಿತು. ಪುಸ್ತಕ ನೋಡಿ, ಕೆಟ್ಟು, ಸರಿಮಾಡಿ, ಮತ್ತೆ ಕೆಟ್ಟು ಕಲಿತದ್ದು. ಯಾರೂ ಕಲಿಸಲಿಲ್ಲ, ಯಾರ ಋಣವೂ ಇಲ್ಲ.

ಹಾಗೆ ಬರೆದಿಡುವ ಪಟ್ಟಿಗೆ ಆಕ್ಸೆಸ್ ಲಿಸ್ಟ್ ಎನ್ನುತ್ತಾರೆ. ನೋಡಲಿಕ್ಕೆ ಏನೂ ಇಲ್ಲ. ಎಡಗಡೆ ಒಂದು ವಿಳಾಸ, ಬಲಗಡೆ ಒಂದು ಪದ. ಓಕೆ ಎಂದಿದ್ದರೆ ಆ ವಿಳಾಸದ ಪತ್ರ ಯಾವ ತಪಾಸಣೆಯೂ ಇಲ್ಲದೆ ಒಳಗೆ ಬರುತ್ತದೆ. ರಿಜೆಕ್ಟ್ ಎಂದಿದ್ದರೆ ಪತ್ರವನ್ನು ಬಿಚ್ಚಿ ಕೂಡ ನೋಡುವುದಿಲ್ಲ, ಬಾಗಿಲಿನಿಂದಲೇ ವಾಪಸ್. ಪಟ್ಟಿಯಲ್ಲಿ ಹೆಸರೇ ಇಲ್ಲದವರು ಜರಡಿಗೆ ಬೀಳುತ್ತಾರೆ. ಅದು ಪತ್ರವನ್ನು ಅಲ್ಲಾಡಿಸಿ ನೋಡಿ, ಕಸ ಎನ್ನಿಸಿದರೆ ಬುಟ್ಟಿಗೆ ಹಾಕುತ್ತದೆ. ಇನ್ನೊಂದು ಹ್ಯಾಶ್ ಗುರುತು ಇದೆ. ಸಾಲಿನ ಮೊದಲಿಗೆ ಅದನ್ನು ಹಾಕಿದರೆ ಸರ್ವರ್ ಆ ಸಾಲನ್ನು ಓದುವುದಿಲ್ಲ. ಮುಂದೆ ನೋಡುವ ಮನುಷ್ಯರಿಗೆ ತಿಳಿಯಲಿ ಎಂದು ಬರೆಯುವ ಟಿಪ್ಪಣಿ ಅದು.

ಜರಡಿ ಇಲ್ಲದೆ ಆಗುವುದಿಲ್ಲ, ಅದನ್ನೂ ಒಪ್ಪುತ್ತೇನೆ. ಕೂದಲು ಬೆಳೆಸುವ ಎಣ್ಣೆ, ನಾವು ಟಿಕೆಟ್ಟೇ ಕೊಳ್ಳದ ಲಾಟರಿ, ಕೊಪ್ಪದ ನರ್ಸಿಂಗ್ ಶಾಲೆಗೇ ಆಸ್ತಿ ಬಿಟ್ಟು ಸಾಯಲು ಕಾದಿರುವ ಯಾವುದೋ ದೇಶದ ಶ್ರೀಮಂತೆ, ಇವರೆಲ್ಲ ದಿನಾ ಬೆಳಿಗ್ಗೆ ನನಗಿಂತ ಮೊದಲು ಕಚೇರಿಗೆ ಹಾಜರು. ಆದರೆ ಜರಡಿಗೆ ಕಸ ಯಾವುದು, ಕಾಳು ಯಾವುದು ಎಂದು ಎಲ್ಲ ಸಲ ಗೊತ್ತಾಗುವುದಿಲ್ಲ. ಶೃಂಗೇರಿಯ ಒಬ್ಬರು ವಿದ್ವಾಂಸರು ನಮ್ಮ ಸಮಿತಿಯ ಸದಸ್ಯರು. ಅವರು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ನಮ್ಮಲ್ಲಿ ತೆರೆದರೆ ಬರೀ ಕೊಂಬು, ಸೊನ್ನೆ, ಬಾಲ. ಜರಡಿ ಅದನ್ನು ಬುಟ್ಟಿಗೆ ಹಾಕುತ್ತಿತ್ತು. ಅವರೊಂದು ದಿನ ಫೋನ್ ಮಾಡಿ, "ಏನಮ್ಮಾ, ನನ್ನ ಪತ್ರಕ್ಕೆ ನಿಮ್ಮಲ್ಲಿ ಮೈಲಿಗೆ ಉಂಟಾ?" ಎಂದು ಕೇಳಿದರು. ಆ ಕ್ಷಣವೇ ಓಕೆ ಬರೆದೆ. ನಮ್ಮ ಕಾರ್ಯದರ್ಶಿಗಳ ಭಾವ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯಕ್ಕೂ ಓಕೆ ಬರೆದಿದ್ದೇನೆ. ಅದು ಆದೇಶ. ದೊಡ್ಡವರ ಪತ್ರ ತಪ್ಪಿದರೆ ಫೋನ್ ಬರುತ್ತದೆ. ಯಾರಿಗೆ ಫೋನ್ ಮಾಡಬೇಕು ಎಂದು ಗೊತ್ತಿಲ್ಲದವರ ಪತ್ರ ತಪ್ಪಿದರೆ ಏನೂ ಬರುವುದಿಲ್ಲ. ಈ ಮಾತು ನನಗೆ ಆಗ ಹೊಳೆಯಲಿಲ್ಲ.

ಕಮ್ಮರಡಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ನಡೆಸುವವರು ಒಬ್ಬ ಹೆಂಗಸು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಸುತ್ತಿನ ಜನಕ್ಕೆಲ್ಲ ಇಮೇಲ್ ಎಂದರೆ ಆ ಅಂಗಡಿ. ಯಾರಿಗೂ ಸ್ವಂತ ವಿಳಾಸ ಇಲ್ಲ ಎಂದಲ್ಲ. ಫೋನ್ ಕೊಂಡಾಗ ಮಾರಿದವರು ಮಾಡಿಕೊಟ್ಟದ್ದು ಎಲ್ಲರಿಗೂ ಇರುತ್ತದೆ, ಪಾಸ್‌ವರ್ಡ್ ಮಾತ್ರ ಒಬ್ಬರಿಗೂ ನೆನಪಿರುವುದಿಲ್ಲ. ಹಾಗಾಗಿ ಪಹಣಿಯ ತಿದ್ದುಪಡಿಯಿಂದ ಹಿಡಿದು ಕಾಲೇಜಿನ ಅರ್ಜಿಯ ತನಕ ಊರಿನ ಸಮಸ್ತ ಪತ್ರವೂ ಆ ಒಂದೇ ವಿಳಾಸದಿಂದ ಹೊರಡುತ್ತದೆ. ವಿಷಯ ಬರೆಯುವ ಜಾಗದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಅರ್ಜೆಂಟ್ ಅರ್ಜೆಂಟ್ ಎಂದು ಎರಡು ಸಲ. ಒಳಗೆ ಒಂದಕ್ಷರ ಇಲ್ಲ, ಬರೀ ಫೋಟೋಗಳು. ಅದೂ ಒಂದು ಸಲ ಕಳಿಸಿ ಬಿಡುವುದಿಲ್ಲ, ಮೂರು ಸಲ. ನಮ್ಮ ಕಡೆ ಕರೆಂಟೂ ನೆಟ್ಟೂ ಹೇಳದೆ ಕೇಳದೆ ಹೋಗುವುದರಿಂದ, ಮೂರು ಸಲ ಕಳಿಸಿದರೆ ಒಂದಾದರೂ ಮುಟ್ಟುತ್ತದೆ ಎನ್ನುವುದು ಆ ಅಂಗಡಿಯ ಪದ್ಧತಿ.

ಎರಡು ವರ್ಷದ ಹಿಂದೆ ಶೃಂಗೇರಿಯ ಆಸ್ಪತ್ರೆಯವರು ಕಣ್ಣಿನ ಶಿಬಿರ ಇಟ್ಟು, ಹೆಸರು ಕೊಡುವವರು ಇಮೇಲ್ ಮಾಡಿ ಎಂದು ಪ್ರಕಟಣೆ ಹಾಕಿದರು. ಕಮ್ಮರಡಿಯಿಂದ ಒಬ್ಬೊಬ್ಬರ ಆಧಾರ್ ಕಾರ್ಡಿನ ಫೋಟೋ ಮೂರು ಮೂರು ಸಲ ಬಂದು, ಮಧ್ಯಾಹ್ನದೊಳಗೆ ಆಸ್ಪತ್ರೆಯ ಪೆಟ್ಟಿಗೆ ತುಂಬಿ ನಿಂತುಹೋಯಿತು. ಬೈಸಿಕೊಂಡವಳು ನಾನು. ಅಂಗಡಿಗೆ ಫೋನ್ ಮಾಡಿದೆ.

"ಅಲ್ಲ ಮಾರಾಯ್ರೆ, ಒಂದೇ ಪತ್ರವನ್ನ ಮೂರು ಸಲ ಎಂತಕ್ಕೆ ಕಳಿಸ್ತೀರಿ?"

"ಮುಟ್ಟಿತೋ ಇಲ್ವೋ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮೇಡಂ? ಮುಟ್ಟಿತು ಅಂತ ನೀವೊಂದು ರಸೀದಿ ಕೊಡ್ತೀರಾ?"

"ಇಮೇಲಿಗೆ ಯಾರು ರಸೀದಿ ಕೊಡ್ತಾರೆ?"

"ಹಂಗಾರೆ ಮೂರು ಸಲವೇ" ಎಂದು ಫೋನ್ ಇಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕೆ ಬೇರೆ ಹೆಸರು ಇಡುವುದಿಲ್ಲ, ಸರ್ವರಿನ ಸುರಕ್ಷತೆ ಎಂದೆಲ್ಲ ಹೇಳುವುದಿಲ್ಲ, ಸಿಟ್ಟು. ಪಟ್ಟಿ ತೆರೆದು ಎಡಗಡೆ ಅಂಗಡಿಯ ವಿಳಾಸ, ಬಲಗಡೆ ರಿಜೆಕ್ಟ್ ಎಂದು ಬರೆದೆ. ಮೇಲೆ ಹ್ಯಾಶ್ ಹಾಕಿ, "ತಾತ್ಕಾಲಿಕ. ಸೋಮವಾರ ತೆಗೆಯುವುದು" ಎಂದು ಟಿಪ್ಪಣಿ ಸೇರಿಸಿದೆ. ನಾಲ್ಕು ದಿನ ಬಿಸಿ ಮುಟ್ಟಲಿ ಎಂಬ ಲೆಕ್ಕ. ಸೋಮವಾರ ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಇಡೀ ದಿನ ಅದರ ಹಿಂದೆ ಓಡಾಡಿದೆ. ಮಂಗಳವಾರಕ್ಕೆ ಆ ಸಾಲು ನನ್ನ ತಲೆಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಐದು ತಿಂಗಳು ಇತ್ತು.

ಐದನೆಯ ತಿಂಗಳಲ್ಲಿ ಶಾಲೆಯ ಪ್ರವೇಶ. ಅರ್ಜಿಗಳು ಇಮೇಲಿನಲ್ಲೇ ಬರಬೇಕು, ಕೊನೆಯ ದಿನ ಸಂಜೆ ಐದರೊಳಗೆ ತಲುಪಬೇಕು. ಸಂದರ್ಶನಕ್ಕೆ ಕರೆದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಮೂವತ್ತು ದಾಟಿದ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಹೊರಗಿನ ಗುಮಾಸ್ತರು "ನಿಮ್ಮ ಅರ್ಜಿ ಬಂದಿಲ್ಲ" ಎಂದರಂತೆ. ಇವರು "ಬಂದಿದೆ, ರಸೀದಿ ಉಂಟು" ಎಂದರಂತೆ. ಇಮೇಲಿಗೆ ರಸೀದಿ ಎಂದ ಕೂಡಲೇ ಗುಮಾಸ್ತರು ಇವರನ್ನು ನನ್ನ ಹತ್ತಿರ ಸಾಗಹಾಕಿದ್ದರು.

"ಕೂತ್ಕೊಳ್ಳಿ. ಎಲ್ಲಿಂದ ಬಂದದ್ದು?"

"ಕಮ್ಮರಡಿ. ಅಲ್ಲಿ ಡಾಕ್ಟ್ರ ಕ್ಲಿನಿಕ್ಕಲ್ಲಿ ಆಯಾ ಕೆಲಸ. ಹನ್ನೆರಡು ವರ್ಷ ಆಯ್ತು. ಗುಡಿಸೂದು, ಒರೆಸೂದು, ಗಾಯ ತೊಳೆಯೂದು, ಡಾಕ್ಟ್ರು ಹೊಲಿಗೆ ಹಾಕುವಾಗ ಹಿಡ್ಕೊಳ್ಳೂದು. ಪಿಯುಸಿ ಹೋದ ವರ್ಷ ಕಟ್ಟಿ ಪಾಸ್ ಮಾಡ್ಕೊಂಡೆ."

ಅರ್ಜಿ ನಿಜವಾಗಿಯೂ ಬಂದಿಲ್ಲ ಎಂದುಕೊಂಡು ನಾನು, ಮುಂದಿನ ವರ್ಷ ಹಾಕಬಹುದಲ್ಲ ಎಂದೆ. ಬಾಯಿಗೆ ಸುಲಭವಾಗಿ ಬರುವ ಮಾತು ಅದು.

"ಮುಂದಿನ ವರ್ಷ ಆಗೂದಿಲ್ಲ ಮೇಡಂ. ನಂಗೆ ಮೂವತ್ತೈದು ದಾಟ್ತದೆ. ದಾಟಿದವ್ರಿಗೆ ಇಲ್ಲ ಅಂತ ನಿಮ್ಮ ನಿಯಮದಲ್ಲೇ ಬರ್ದಿದೆ. ಇದೇ ಕಡೆ ವರ್ಷ" ಎಂದು ಕವರಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಎರಡರ ಮೂಲೆಯಲ್ಲೂ ಜೆರಾಕ್ಸ್ ಅಂಗಡಿಯ ನೇರಳೆ ಬಣ್ಣದ ದುಂಡು ಸೀಲು.

ಓದಿದೆ. ನಮ್ಮ ಸರ್ವರ್ ಪತ್ರವನ್ನು ತಿರುಗಿಸಿದಾಗ ಕಳಿಸಿದವರ ಪೆಟ್ಟಿಗೆಗೆ ಹೋಗಿ ಬೀಳುವ ಸುದ್ದಿಯ ಪ್ರಿಂಟು ಅದು. ನಮ್ಮ ಶಾಲೆಯ ವಿಳಾಸ ಎರಡು ಕಡೆ, ದಿನಾಂಕ, ಗಂಟೆ, ನಿಮಿಷ, ಉದ್ದದ ಒಂದು ನಂಬರು, ಎಲ್ಲ ಇಂಗ್ಲಿಷಿನಲ್ಲಿ. ನೋಡಲಿಕ್ಕೆ ಥೇಟ್ ಸರ್ಕಾರಿ ರಸೀದಿ. ನಡುವಿನಲ್ಲಿ ಒಂದು ಸಾಲು: ಪತ್ರವನ್ನು ತಲುಪಿಸಲಾಗಿಲ್ಲ, ಪ್ರವೇಶ ನಿರಾಕರಿಸಲಾಗಿದೆ. ಪಟ್ಟಿಯಲ್ಲಿ ರಿಜೆಕ್ಟ್ ಎಂದು ಬರೆದು ಆ ಸಾಲು ಅಲ್ಲಿಗೆ ಬರುವಂತೆ ಮಾಡಿದವಳು ನಾನೇ.

ಅಂಗಡಿಗೆ ಫೋನ್ ಮಾಡಿದೆ. ಅವರಿಗೆ ನನ್ನ ದನಿ ಗುರುತು ಸಿಕ್ಕಿತು.

"ಓ, ನೀವಾ? ಈಗ ನಿಮ್ಮಲ್ಲಿ ವ್ಯವಸ್ಥೆ ಚೆನ್ನಾಗಾಗಿದೆ ಮೇಡಂ. ಮೊದ್ಲೆಲ್ಲ ಕಳ್ಸಿದ್ರೆ ಉಸಿರೇ ಇರ್ಲಿಲ್ಲ. ಈಗ ಕಳ್ಸಿದ ಕೂಡ್ಲೆ ರಸೀದಿ ಬರ್ತದೆ. ಮೂರು ಸಲಕ್ಕೆ ಮೂರು. ಒಂದು ಅವ್ರ ಮನೆಗೆ, ಒಂದು ಶಾಲೆಗೆ, ಒಂದು ನನ್ನ ಫೈಲಿಗೆ. ನಾನು ಅವತ್ತು ಕೇಳಿದ್ದಕ್ಕೇ ಮಾಡಿದ್ರಲ್ಲ, ಊರವ್ರಿಗೆಲ್ಲ ಹೇಳಿದ್ದೇನೆ."

"ಅಕ್ಕಾ, ಅದು ರಸೀದಿ ಅಲ್ಲ."

"ಮತ್ತೆಂತದು?"

"ಬೇಡ ಅಂತ ವಾಪಸ್ ಕಳ್ಸಿದ್ದು."

ಆ ಕಡೆ ಜೆರಾಕ್ಸ್ ಯಂತ್ರ ಓಡುವ ಸದ್ದು ಕೇಳುತ್ತಿತ್ತು. ಅದು ನಿಂತಿತು. "ಯಾರು ಬೇಡ ಅಂದದ್ದು?"

"ನಾನು" ಎಂದೆ.

ಎದುರು ಕೂತವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಳುತ್ತಾರೆ ಎಂದುಕೊಂಡೆ, ಬೈಯುತ್ತಾರೆ ಎಂದುಕೊಂಡೆ. ಎರಡೂ ಇಲ್ಲ.

"ಹಂಗಾರೆ ನನ್ನ ಅರ್ಜಿ ಬಂದಿತ್ತಾ, ಬಂದಿರ್ಲಿಲ್ವಾ?"

"ಬಂದಿತ್ತು. ನಾವು ಬಾಗ್ಲು ತೆಗೀಲಿಲ್ಲ."

"ಹಂಗಂತ ಬರ್ದು ಕೊಡ್ತೀರಾ?"

ಸರ್ವರಿನಲ್ಲಿ ಲಾಗ್ ಎಂದು ಒಂದು ದಾಖಲೆ ಇರುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಒಳಗೆ ಬಿಟ್ಟೆವೋ ಇಲ್ಲವೋ ಎಂಬುದನ್ನು ಅದು ನಿಮಿಷ ಸಮೇತ ಬರೆದಿಟ್ಟಿರುತ್ತದೆ. ತೆರೆದು ನೋಡಿದೆ. ಕೊನೆಯ ದಿನ, ಅಂಗಡಿಯ ವಿಳಾಸ, ಎರಡು ಗಂಟೆ ಹತ್ತು ನಿಮಿಷ, ರಿಜೆಕ್ಟ್. ಎರಡು ಹನ್ನೆರಡು, ರಿಜೆಕ್ಟ್. ಎರಡು ಹದಿನೈದು, ರಿಜೆಕ್ಟ್. ಐದು ಗಂಟೆಗೆ ಇನ್ನೂ ಎರಡೂವರೆ ಗಂಟೆಗಿಂತ ಹೆಚ್ಚು ಸಮಯ ಇತ್ತು. ಉಳಿದ ತಿರುಗಿಸಿದ ಪತ್ರಗಳನ್ನೂ ಹುಡುಕಿದೆ. ಲಾಗ್ ನಾಲ್ಕು ವಾರ ಮಾತ್ರ ಇರುತ್ತದೆ, ಆಮೇಲೆ ತಾನೇ ಅಳಿಸಿಕೊಳ್ಳುತ್ತದೆ, ಎದುರು ಕೂತವರಿಗೂ ಅದನ್ನು ಹೇಳಿದೆ. ಆ ನಾಲ್ಕು ವಾರದಲ್ಲಿ ಇದ್ದವು ಆಸ್ಪತ್ರೆಯವರು ಆಮೇಲೆ ಇಟ್ಟ ಇನ್ನೊಂದು ಶಿಬಿರಕ್ಕೆ ಹೆಸರು ಕೊಟ್ಟ ಪತ್ರಗಳು. ಆ ಜನ ಹೇಗೂ ನೇರವಾಗಿ ಆಸ್ಪತ್ರೆಗೇ ಬಂದಿದ್ದರು. ಅದಕ್ಕಿಂತ ಹಿಂದೆ ಯಾರಿಗೆ ಏನು ತಪ್ಪಿತು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ.

ಕಾಗದ ಹಿಡಿದುಕೊಂಡು ಶಾಲೆಯಲ್ಲೇ ಇರುವ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಕೆಟ್ಟ ಮನುಷ್ಯರಲ್ಲ ಅವರು. ಮೇಷ್ಟರಾಗಿ ನಿವೃತ್ತರಾದವರು, ಶಾಲೆಗಾಗಿ ಚಪ್ಪಲಿ ಸವೆಸಿದವರು. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಜಿ ನಮ್ಮ ಪೆಟ್ಟಿಗೆಯಲ್ಲಿ ಇದ್ಯಾ?"

"ಇಲ್ಲ."

"ಹಂಗಾರೆ ಬಂದಿಲ್ಲ ಅಂದ್ರೆ ಸುಳ್ಳಾಗೂದಿಲ್ಲ. ನಮ್ಮ ಸರ್ವರ್ ತಿರುಗ್ಸಿತು ಅಂತ ಒಬ್ರಿಗೆ ಬರ್ದುಕೊಟ್ರೆ ನಾಳೆ ಹೆಸರಿಲ್ಲದವ್ರೆಲ್ಲ ಬಾಗಿಲಿಗೆ ಬರ್ತಾರೆ. ಆ ಸಾಲು ತೆಗ್ದುಬಿಡಿ. ಲಾಗ್ ಎಷ್ಟು ದಿನ ಇರ್ತದೆ ಅಂದ್ರಿ?"

"ನಾಲ್ಕು ವಾರ."

"ಮತ್ತೆ ಎಂತಕ್ಕೆ ತಲೆ ಕೆಡಿಸ್ಕೊಳ್ಳೂದು? ಅದಾಗಿಯೇ ಹೋಗ್ತದಲ್ಲ."

ಅದಾಗಿಯೇ ಹೋಗುತ್ತದೆ. ಆ ಮಾತಿಗೇ ನನ್ನ ಮೈ ಹೊತ್ತಿಕೊಂಡಿತು. ನನ್ನ ಸಾಲೂ ಅದಾಗಿಯೇ ಐದು ತಿಂಗಳು ಇತ್ತಲ್ಲ.

"ಸರ್, ನಾನು ಬರ್ದುಕೊಡ್ತೇನೆ" ಎಂದೆ.

"ಲೆಟರ್‌ಹೆಡ್ಡಲ್ಲಿ ಬರೀಲಿಕ್ಕೆ ನಿಮ್ಗೆ ಅಧಿಕಾರ ಇಲ್ಲ ಮೇಡಂ. ಬರ್ದ್ರೆ ತಪ್ಪು ನಿಮ್ಮ ತಲೆಗೇ ಬರ್ತದೆ."

"ಬರ್ಲಿ. ತಪ್ಪು ನನ್ನದೇ."

ಕೋಣೆಗೆ ವಾಪಸ್ ಬಂದು ಬಿಳಿ ಹಾಳೆಯಲ್ಲಿ ಕೈಯಾರೆ ಬರೆದೆ. ಇಂಥ ದಿನ ಇಂಥ ಹೊತ್ತಿಗೆ ನಿಮ್ಮ ಪತ್ರ ಮೂರು ಸಲ ನಮ್ಮ ಸರ್ವರಿನ ಬಾಗಿಲಿಗೆ ಬಂದಿತ್ತು, ನಾನು ಬರೆದ ಒಂದು ಸಾಲಿನಿಂದಾಗಿ ಅದನ್ನು ಒಳಗೆ ಬಿಡಲಿಲ್ಲ. ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿ, ರಸೀದಿಗಳ ಜೊತೆ ಕವರಿಗೆ ಸೇರಿಸಿಕೊಂಡರು. ಲಾಗನ್ನೂ ಪಟ್ಟಿಯನ್ನೂ ಪ್ರಿಂಟ್ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಸಂದರ್ಶನಕ್ಕೆ ಆರು ದಿನ ಇತ್ತು. ಅದರ ನಡುವೆ ನರಸಿಂಹರಾಜಪುರದಲ್ಲಿ ಸಮಿತಿಯ ಸಭೆ ಇತ್ತು. ನನ್ನನ್ನು ಕರೆದಿರಲಿಲ್ಲ. ರಜೆ ಚೀಟಿ ಬರೆದಿಟ್ಟು ಹೋದೆ.

ಬಸ್ಸಿನಲ್ಲಿ ನಾವು ಮೂವರು. ನಾನು, ಅರ್ಜಿ ಹಾಕಿದವರು, ಜೆರಾಕ್ಸ್ ಅಂಗಡಿಯವರು. ಅಂಗಡಿಯವರು ಅವತ್ತು ಬಾಗಿಲು ಹಾಕಿ ಬಂದಿದ್ದರು, ಮಡಿಲಲ್ಲಿ ಒಂದು ದಪ್ಪ ಫೈಲು. ಅರ್ಧ ದಾರಿ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಐದು ತಿಂಗ್ಳು ಅದಕ್ಕೆ ಸೀಲು ಹೊಡ್ದು ಹೊಡ್ದು ಕೊಟ್ಟಿದ್ದೇನೆ. ಜನ ನನ್ನ ಸೀಲು ನಂಬಿದ್ದು ಮಾರಾಯ್ರೆ. ಇನ್ನು ಎಂತ ಮುಖ ತೋರ್ಸೂದು?"

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಸಿಟ್ಟು ಬಂದಿದ್ರೆ ಬಂದು ಬೈಬೇಕಿತ್ತು. ನಾನೂ ನಾಲ್ಕು ಬೈದು, ಕಾಫಿ ಕೊಟ್ಟು ಕಳಿಸ್ತಿದ್ದೆ. ಹೇಳದೆ ಕೇಳದೆ ಬಾಗ್ಲು ಹಾಕೂದಾ?"

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ನನಗೆ ಇದಕ್ಕಿಂತ ಸರಿಯಾದ ಮಾತು ಹೇಳಿಲ್ಲ. ತಪ್ಪಾಯ್ತು ಅಕ್ಕಾ ಎಂದೆ. ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಸಮಿತಿಯವರು ಒಳಗಿದ್ದರು, ನಾವು ಹೊರಗೆ ಬೆಂಚಿನ ಮೇಲೆ. ಒಳಗೆ ಕಾಫಿ ಹೋಯಿತು, ಖಾಲಿ ಲೋಟ ಬಂತು, ನಮ್ಮನ್ನು ಯಾರೂ ಕೇಳಲಿಲ್ಲ. ಮುಕ್ಕಾಲು ಗಂಟೆ ನೋಡಿ ನಾನೇ ಎದ್ದು ಬಾಗಿಲು ತಳ್ಳಿದೆ, ಅವರಿಬ್ಬರೂ ನನ್ನ ಹಿಂದೆ ಬಂದರು. ಉದ್ದದ ಮೇಜಿನ ಸುತ್ತ ಐದಾರು ಜನ. ಕಾಫಿ ತೋಟದ ಯಜಮಾನರೊಬ್ಬರು ಅಧ್ಯಕ್ಷರು, ಪಕ್ಕದಲ್ಲಿ ನಮ್ಮ ಕಾರ್ಯದರ್ಶಿಗಳು, ಆ ತುದಿಯಲ್ಲಿ ಶೃಂಗೇರಿಯ ವಿದ್ವಾಂಸರು. ಕಾರ್ಯದರ್ಶಿಗಳ ಮುಖ ಸಣ್ಣದಾಯಿತು.

"ಎಂತ ಮೇಡಂ, ಸಭೆ ನಡೀತಾ ಇದೆ" ಎಂದರು ಅಧ್ಯಕ್ಷರು.

"ನಡೀತಾ ಇರುವಾಗ್ಲೇ ಹೇಳ್ಬೇಕಾದ್ದು ಸರ್. ಮುಗಿದ ಮೇಲೆ ಹೇಳಿ ಉಪಯೋಗ ಇಲ್ಲ" ಎಂದು ಪ್ರಿಂಟುಗಳನ್ನು ಅವರ ಮುಂದೆ ಹರಡಿದೆ. ಪಟ್ಟಿಯಲ್ಲಿ ನನ್ನ ಸಾಲಿಗೆ ಕೆಂಪು ಗೆರೆ ಎಳೆದುಕೊಂಡೇ ಬಂದಿದ್ದೆ. ಇದು ನಾನು ಸಿಟ್ಟಿನಲ್ಲಿ ಬರೆದದ್ದು, ಸೋಮವಾರ ತೆಗೆಯುತ್ತೇನೆ ಎಂದು ಬರೆದು ಮರೆತದ್ದು ಎಂದೆ. ಇದರಿಂದ ಇವರ ಅರ್ಜಿ ತಪ್ಪಿತು, ಇವರಿಗೆ ಇದು ಕಡೆಯ ವರ್ಷ ಎಂದೆ.

"ಐದರೊಳಗೆ ತಲುಪಬೇಕು ಅಂತ ನಿಯಮ ಉಂಟಲ್ಲ" ಎಂದರು ಒಬ್ಬ ಸದಸ್ಯರು.

"ತಲುಪಿದೆ ಸರ್. ಬಾಗಿಲ ತನಕ ತಲುಪಿದೆ, ಮೂರು ಸಲ ತಲುಪಿದೆ. ಬಾಗ್ಲು ಹಾಕ್ಕೊಂಡವ್ರು ನಾವು. ಒಳಗೆ ಕೂತು ಚಿಲಕ ಹಾಕ್ಕೊಂಡು, ಹೊರಗೆ ನಿಂತವ್ರನ್ನ ಬಂದೇ ಇಲ್ಲ ಅನ್ನೂದಾ?"

ಕಾರ್ಯದರ್ಶಿಗಳು ಮೆಲ್ಲಗೆ ಕೆಮ್ಮಿದರು. "ತಿರುಗ್ಸಿದ ಪತ್ರವನ್ನ ಸರ್ವರ್ ಬಿಚ್ಚಿಯೂ ನೋಡೂದಿಲ್ಲ ಅಂತ ಮೇಡಮ್ಮೇ ನಂಗೆ ಹೇಳಿದ್ದು. ಅದ್ರೊಳಗೆ ಇವ್ರ ಅರ್ಜಿಯೇ ಇತ್ತು ಅಂತ ಹೆಂಗೆ ಹೇಳೂದು? ಅಂಗಡಿಯಿಂದ ಊರವ್ರದ್ದೆಲ್ಲ ಬರ್ತದೆ."

ಪ್ರಶ್ನೆ ಸರಿಯಾದದ್ದೇ. ಲಾಗಿನಲ್ಲಿ ಬಂದವರ ವಿಳಾಸ ಇರುತ್ತದೆ, ಪತ್ರದ ಒಳಗೇನಿತ್ತು ಎಂಬುದು ಇರುವುದಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಂಗಡಿಯವರು ನನ್ನನ್ನು ದಾಟಿಕೊಂಡು ಮುಂದೆ ಬಂದು ಮೇಜಿನ ಮೇಲೆ ಫೈಲು ಬಿಚ್ಚಿದರು. ಅವರು ಹೇಳಿದ್ದ ಮೂರನೆಯ ರಸೀದಿ ಅಲ್ಲಿತ್ತು. ಅದಕ್ಕೆ ಅರ್ಜಿಯ ನಕಲು ಪಿನ್ ಮಾಡಿತ್ತು, ಮೇಲೆ ಅವರ ಕೈಬರಹದಲ್ಲಿ ಕಳಿಸಿದ ಮೂರು ಹೊತ್ತು, ಕೆಳಗೆ ಸೀಲು. ಅರ್ಜಿ ಹಾಕಿದವರು ತಮ್ಮ ಕವರಿನ ಎರಡನ್ನು ತೆಗೆದು ಅದರ ಪಕ್ಕದಲ್ಲಿ ಇಟ್ಟರು.

ಶೃಂಗೇರಿಯ ವಿದ್ವಾಂಸರು ಎದ್ದು ಬಂದು ಬಗ್ಗಿ ನಿಂತರು. ಒಂದು ಬೆರಳು ಲಾಗಿನ ಮೇಲೆ, ಒಂದು ಬೆರಳು ರಸೀದಿಯ ಮೇಲೆ. "ಎರಡು ಹತ್ತು. ಎರಡು ಹನ್ನೆರಡು. ಎರಡು ಹದಿನೈದು. ಅಕ್ಷರಶಃ ಸರಿ ಉಂಟು" ಎಂದರು. ಆಮೇಲೆ ಅಂಗಡಿಯವರ ಕಡೆ ನೋಡಿ, "ಹಳೇ ಓಲೆಗರಿ ನಕಲು ಮಾಡ್ತಿದ್ದವ್ರೂ ಇಷ್ಟು ಜೋಪಾನ ಮಾಡಿರ್ಲಿಕ್ಕಿಲ್ಲ ತಾಯೀ" ಎಂದರು. ಅಂಗಡಿಯವರು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಫೈಲಿನಿಂದ ಕೈ ತೆಗೆಯಲೂ ಇಲ್ಲ.

ಅಧ್ಯಕ್ಷರು ಅರ್ಜಿ ಹಾಕಿದವರನ್ನು ಮೇಲಿಂದ ಕೆಳಗೆ ನೋಡಿದರು. "ಈ ವಯಸ್ಸಲ್ಲಿ ಓದ್ಲಿಕ್ಕೆ ಆಗ್ತದೇನಮ್ಮ? ಮನೆ, ಮಕ್ಕಳು ಎಲ್ಲ ಇರ್ತದೆ."

"ಅದನ್ನ ಸಂದರ್ಶನದಲ್ಲಿ ಕೇಳಿ ಸರ್, ಹೇಳ್ತೇನೆ. ಈಗ ನನ್ನ ಅರ್ಜಿ ಬಂದಿತ್ತೋ ಇಲ್ವೋ, ಅಷ್ಟು ಹೇಳಿ."

ಅಧ್ಯಕ್ಷರು ರಸೀದಿಗಳನ್ನು ಇನ್ನೊಮ್ಮೆ ನೋಡಿ, "ಬಂದಿತ್ತು" ಎಂದರು. ನಡಾವಳಿ ಪುಸ್ತಕದಲ್ಲಿ ಹಾಗೆಂದೇ ಬರೆಯಬೇಕು ಎಂದು ನಾನು ಪಟ್ಟು ಹಿಡಿದೆ. ಬರೆದರು. ಅರ್ಜಿ ಹಾಕಿದವರ ಹೆಸರನ್ನು ಸಂದರ್ಶನದ ಪಟ್ಟಿಗೆ ಸೇರಿಸುವುದು ಎಂದು ಬರೆದರು. ನನಗೆ ಲಿಖಿತ ಎಚ್ಚರಿಕೆ ಕೊಡುವುದು ಎಂದೂ ಬರೆದರು, ಕೊಡಬೇಕಾದದ್ದೇ. ಇನ್ನು ಮುಂದೆ ಪಟ್ಟಿಯ ಪ್ರತಿ ಸಾಲಿಗೂ ಕಾರ್ಯದರ್ಶಿಗಳ ಸಹಿ ಬೇಕು ಎಂದು ಯಾರೋ ಸೂಚಿಸಿದಾಗ, "ಆಗ್ಲಿ ಸರ್, ದಿನಾ ಬೆಳಿಗ್ಗೆ ಬರುವ ಗುಲಾಬಿ ಹೂವಿಗೂ ಸಹಿ ಹಾಕ್ಲಿ" ಎಂದೆ. ವಿದ್ವಾಂಸರಿಗೆ ಮಾತ್ರ ನಗು ಬಂತು. ಸೂಚನೆ ಅಲ್ಲಿಗೇ ಬಿದ್ದುಹೋಯಿತು.

ಪ್ರಿಂಟ್ ತೆಗೆದ ದಿನವೇ ಪಟ್ಟಿಯನ್ನು ತಿದ್ದಿದ್ದೆ. ನನ್ನ ಸಾಲನ್ನು ಅಳಿಸಲಿಲ್ಲ, ಮುಂದೆ ಹ್ಯಾಶ್ ಹಾಕಿದೆ. ಸರ್ವರ್ ಅದನ್ನು ಓದುವುದಿಲ್ಲ, ನಾನು ಓದುತ್ತೇನೆ. ಅದರ ಕೆಳಗೆ ಅದೇ ವಿಳಾಸ, ಓಕೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ, ಬೇರೆ ಯಾವ ಕೆಲಸವನ್ನೂ ಮುಟ್ಟುವ ಮೊದಲು, ಪಟ್ಟಿಯ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಮೇಲಿಂದ ಕೆಳಗಿನ ತನಕ ನೋಡುತ್ತೇನೆ. ಯಾರು, ಯಾಕೆ, ಯಾವಾಗಿನಿಂದ. ಕಾರಣ ನೆನಪಾಗದ ರಿಜೆಕ್ಟ್ ಇದ್ದರೆ ಅವತ್ತೇ ತೆಗೆಯುತ್ತೇನೆ. ಕಿಗ್ಗದಲ್ಲಿ, ನೆಮ್ಮಾರಿನಲ್ಲಿ ಇಂಥದೇ ಅಂಗಡಿಗಳಿವೆ, ಅವರೂ ಊರಿನವರಿಗೆಲ್ಲ ಒಂದೇ ವಿಳಾಸದಿಂದ ಕಳಿಸುತ್ತಾರೆ. ಒಬ್ಬೊಬ್ಬರನ್ನೂ ಹುಡುಕಿ ಓಕೆ ಬರೆದಿದ್ದೇನೆ. ಅಂಗಡಿಗಳಿಗೆಲ್ಲ ಓಕೆ ಕೊಟ್ಟರೆ ಕಸವೂ ಬರುತ್ತದೆ ಎಂದು ಕಾರ್ಯದರ್ಶಿಗಳು ಗೊಣಗುತ್ತಾರೆ. ಬರಲಿ, ಗುಡಿಸುತ್ತೇನೆ.

ತಿರುಗಿಸುವ ಪತ್ರದ ಜೊತೆ ಹೋಗುವ ಆ ಇಂಗ್ಲಿಷ್ ವಾಕ್ಯವನ್ನೂ ಬದಲಾಯಿಸಿದೆ. ಆ ಜಾಗದಲ್ಲಿ ಕನ್ನಡ ಅಕ್ಷರ ಹಾಕಿದರೆ ಆ ಕಡೆ ತಲುಪುವಾಗ ಬರೀ ಪ್ರಶ್ನಾರ್ಥಕ ಚಿಹ್ನೆ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: ಇದು ರಸೀದಿಯಲ್ಲ, ನಿಮ್ಮ ಪತ್ರ ನಮಗೆ ಸಿಕ್ಕಿಲ್ಲ, ಕಚೇರಿಗೆ ಫೋನ್ ಮಾಡಿ. ಇದೆಂಥ ಅವತಾರ, ಹೊರಗಿನವರು ನೋಡಿದರೆ ನಗುತ್ತಾರೆ ಎಂದು ಕಾರ್ಯದರ್ಶಿಗಳು ಮೂಗು ಮುರಿದರು. ನಗಲಿ ಸರ್ ಎಂದೆ. ತೆಗೆಯಲು ಎರಡು ಸಲ ಹೇಳಿದರು, ತೆಗೆಯಲಿಲ್ಲ. ನನ್ನ ಎಚ್ಚರಿಕೆಯ ಪತ್ರ ಮೇಜಿನ ಗಾಜಿನ ಕೆಳಗೇ ಇದೆ, ಇನ್ನೊಂದು ಬಂದರೆ ಅದರ ಪಕ್ಕದಲ್ಲಿ ಜಾಗ ಉಂಟು.

ಸಂದರ್ಶನದಲ್ಲಿ ಅರ್ಜಿ ಹಾಕಿದವರನ್ನು ಏನು ಕೇಳಿದರು, ಅವರು ಏನು ಹೇಳಿದರು ನನಗೆ ಗೊತ್ತಿಲ್ಲ. ಆಯ್ಕೆಯಾದವರ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಹೆಸರು ಅವರದ್ದಿತ್ತು. ಶಾಲೆ ಶುರುವಾದ ದಿನ ಬೆಳಿಗ್ಗೆ ಬಿಳಿ ಸಮವಸ್ತ್ರದಲ್ಲಿ ನನ್ನ ಕೋಣೆಗೆ ಬಂದರು. ಹದಿನೆಂಟರ ಹುಡುಗಿಯರ ಅಳತೆಗೆ ಹೊಲಿದದ್ದು, ತೋಳಿನ ಹತ್ತಿರ ಸ್ವಲ್ಪ ಬಿಗಿ. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು.

"ಪ್ರವೇಶದ ಎಲ್ಲ ಕಾಗದ ಕೊಟ್ಟು ಆಯ್ತು ಮೇಡಂ. ಇನ್ನು ನನ್ನ ಹತ್ರ ಇದಿಷ್ಟು ಉಳೀತು" ಎಂದು ಆ ಎರಡು ಕಾಗದಗಳನ್ನೂ ನನ್ನ ಕೈಬರಹದ ಹಾಳೆಯನ್ನೂ ತೋರಿಸಿದರು.

ನನಗೆ ಅವು ಬೇಕಿದ್ದವು. ಯಾಕೆ ಎಂದು ಸರಿಯಾಗಿ ಹೇಳಲಾರೆ, ನನ್ನ ತಪ್ಪು ನನ್ನ ಹತ್ತಿರವೇ ಇರಲಿ ಅನ್ನಿಸಿತೋ ಏನೋ. "ಇನ್ನು ನಿಮ್ಗೆ ಎಂತಕ್ಕೆ? ಸೀಟು ಸಿಕ್ತಲ್ಲ. ಇಲ್ಲಿ ಕೊಡಿ, ನನ್ನ ಫೈಲಲ್ಲಿ ಇಡ್ತೇನೆ" ಎಂದು ಕೈ ಚಾಚಿದೆ.

ಅವರು ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು. ಆಮೇಲೆ ಮೂರನ್ನೂ ಮೊದಲಿನ ಮಡಿಕೆಯಲ್ಲೇ ಮಡಿಸಿ, ಕವರಿನೊಳಗೆ ಹಾಕಿ, ಬಾಯಿ ಸುತ್ತಿದರು.

"ಬೇಡ ಮೇಡಂ. ನಿಮ್ಮಲ್ಲಿ ಎಲ್ಲ ನಾಲ್ಕೇ ವಾರ ಇರೂದು. ಇದು ನನ್ನ ಹತ್ರವೇ ಇರ್ಲಿ."

ಸರಿ ಎಂದೆ. ಅವರು ತರಗತಿಗೆ ಹೋದರು.